ಆಕಾಶದ ಉತಾರ ಓದೋರು ಯಾರು?

ವಿದ್ಯಾನಗರದ ಚಹಾದಂಗಡಿ ಮುಂದೆ ನಿಂತು ಮೊಬೈಲ್ ತಿಕ್ಕುತ್ತಿರುವ ತರುಣರೇ, ಒಂದು ನಿಮಿಷ ತಲೆ ಎತ್ತಿ ಮೇಲೆ ನೋಡಿ. ಏನೂ ಕಾಣಿಸುವುದಿಲ್ಲ, ನಮಗೆ ಗೊತ್ತು. ಆದರೆ ಅಲ್ಲಿಂದ ನಮ್ಮನ್ನು ನೋಡುವ ಕಣ್ಣುಗಳಿವೆ. ಬೆಳಗಿನ ಹನ್ನೊಂದರ ಸುಮಾರಿಗೆ, 786 ಕಿಲೋಮೀಟರ್ ಎತ್ತರದಲ್ಲಿ, ಯುರೋಪಿನ ಸೆಂಟಿನೆಲ್-2 ಉಪಗ್ರಹಗಳಲ್ಲೊಂದು ಐದು ದಿನಕ್ಕೊಮ್ಮೆ ಹುಬ್ಬಳ್ಳಿ-ಧಾರವಾಡದ ನೆತ್ತಿಯ ಮೇಲೆ ಹಾದುಹೋಗುತ್ತದೆ. ನಮ್ಮ ಇಸ್ರೋ 2011ರಲ್ಲಿ ಹಾರಿಸಿದ ರಿಸೋರ್ಸ್‌ಸ್ಯಾಟ್-2, 2016ರಲ್ಲಿ ಹಾರಿಸಿದ ರಿಸೋರ್ಸ್‌ಸ್ಯಾಟ್-2ಎ ಹುಟ್ಟಿದ್ದೂ ಇದೇ ಕೆಲಸಕ್ಕೆ. ನೀವು ಎರಡನೇ ಚಹಾ ಹೇಳುವಷ್ಟರಲ್ಲಿ, ಕುಂದಗೋಳದ ಕಡೆ ನಿಮ್ಮಪ್ಪ ಎಡಿ ಹೊಡೆಯುತ್ತಿರುವ ಯರಿ ಹೊಲದ ಫೋಟೊ ಬಿದ್ದಾಗಿರುತ್ತದೆ.

ಫೋಟೊ ತೆಗೆದರೆ ತೆಗೆಯಲಿ ಬಿಡಿ, ನಮಗೇನು ಅಂತೀರಾ? ಅಲ್ಲೇ ನೀವು ತಪ್ಪಿದಿರಿ! ಆ ಫೋಟೊಗಳಿಂದ ನಕ್ಷೆ ತಯಾರಾಗುತ್ತದೆ. ಯಾವ ಹೊಲದಲ್ಲಿ ಪೀಕು ಐತಿ, ಯಾವುದು ಪಡಾ ಬಿದ್ದೈತಿ, ಯಾವುದು ಕಾಡು, ಯಾವುದು ಬರಡು ಅಂತ ಆ ನಕ್ಷೆ ತೀರ್ಪು ಕೊಡುತ್ತದೆ. ಅಧಿಕಾರಿಗಳು ಅದನ್ನು ‘ಭೂಬಳಕೆ ಮತ್ತು ಭೂಹೊದಿಕೆ ನಕ್ಷೆ’ ಎನ್ನುತ್ತಾರೆ. ಬರ ಬಿದ್ದಿದೆಯೋ ಇಲ್ಲವೋ, ಬೆಳೆ ವಿಮೆಯ ಲೆಕ್ಕ ಹೇಗೆ, ಊರ ಗಾಯರಾಣ ಯಾರಿಗೆ ಕೊಡಬಹುದು ಎಂಬ ಪ್ರಶ್ನೆಗಳಿಗೆಲ್ಲ ಈಗ ಈ ನಕ್ಷೆಯೂ ಸಾಕ್ಷಿ ಹೇಳುತ್ತದೆ. ತಲಾಟಿ ಬರೆಯುವ ಉತಾರ ಒಂದಾದರೆ, ಇದು ಆಕಾಶದಿಂದ ಬರುವ ಇನ್ನೊಂದು ಉತಾರ. ತಲಾಟಿ ತಪ್ಪು ಬರೆದರೆ ಚಾವಡಿಗೆ ಹೋಗಿ ಜಗಳ ಆಡಬಹುದು. ಆಕಾಶದ ಜೊತೆ ಜಗಳ ಆಡುವುದು ಹೇಗೆ?

ಇದು ತಮಾಷೆಯ ಮಾತಲ್ಲ ಎನ್ನುವುದಕ್ಕೆ 2023ನೇ ಇಸವಿಯೇ ಸಾಕ್ಷಿ. ಆ ವರ್ಷ ಮುಂಗಾರು ಕೈಕೊಟ್ಟಿತು. ಆಗಸ್ಟ್ ತಿಂಗಳು ಒಣಗಿಹೋಯಿತು. ರಾಜ್ಯ ಸರಕಾರ 236 ತಾಲ್ಲೂಕುಗಳ ಪೈಕಿ ಕಡೆಗೆ 223ನ್ನು ಬರಪೀಡಿತ ಎಂದು ಘೋಷಿಸಿತು. ಅಕ್ಟೋಬರ್‌ನಲ್ಲಿ ಕೇಂದ್ರದ ತಂಡ ಬಂದಾಗ ರಾಜ್ಯದ ಮಂತ್ರಿಗಳು ಒಂದು ಹೊಸ ಪದವನ್ನೇ ಮುಂದಿಟ್ಟರು: ‘ಹಸಿರು ಬರ’. ತಡವಾಗಿ ಬಿದ್ದ ಮಳೆಗೆ ಹೊಲವೇನೋ ಹಸಿರಾಗಿತ್ತು. ಮೇಲಿಂದ ನೋಡಿದರೆ ಬರ ಎಲ್ಲಿದೆ ಅನ್ನಬೇಕು. ಒಳಹೊಕ್ಕು ನೋಡಿದರೆ ಕಾಳಿಲ್ಲ.

ಊರಿಗೆ ಫೋನ್ ಮಾಡಿದ್ದರೆ ಈ ಪದದ ಅರ್ಥ ನಿಮಗೆ ಅರ್ಧ ನಿಮಿಷದಲ್ಲಿ ಸಿಗುತ್ತಿತ್ತು.

‘ಯಪ್ಪಾ, ಪೀಕು ಹೆಂಗೈತ್ರಿ?’

‘ದೂರಿಂದ ನೋಡಿದ್ರ ಚಂದ ಐತೋ ತಮ್ಮಾ. ಕೈಯಾಗ ಹಿಡದ್ರ ಕಾಯೀನ ಇಲ್ಲ.’

ಇಷ್ಟೇ. ಈ ಎರಡು ಸಾಲನ್ನು ಯಂತ್ರಕ್ಕೆ ಹೇಳುವುದು ಹೇಗೆ? ಉಪಗ್ರಹದ ಹಸಿರು ಲೆಕ್ಕ ಹುಟ್ಟುವ ಬಗೆ ನೋಡಿ. ಜೀವಂತ ಎಲೆ ಕೆಂಪು ಬೆಳಕನ್ನು ನುಂಗುತ್ತದೆ. ನಮ್ಮ ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ತಿರುಗಿ ಎಸೆಯುತ್ತದೆ. ಎರಡರ ನಡುವಿನ ಅಂತರವನ್ನು ಎರಡರ ಮೊತ್ತದಿಂದ ಭಾಗಿಸಿದರೆ ಒಂದು ಅಂಕಿ ಬರುತ್ತದೆ. ಅಂಕಿ ದೊಡ್ಡದಾದಷ್ಟೂ ಹಸಿರು ದಟ್ಟ. ಜಾಣ ಲೆಕ್ಕ, ಅನುಮಾನವಿಲ್ಲ. ಆದರೆ ಅದು ಅಳೆಯುವುದು ಎಲೆಯನ್ನು, ಕಾಳನ್ನಲ್ಲ. ತೆನೆ ಕಟ್ಟದ ಜೋಳದ ದಂಟೂ ಹಸಿರು, ಕಾಯಿ ಹಿಡಿಯದ ಸೋಯಾಬೀನೂ ಹಸಿರು, ಬದುವಿನ ಮೇಲಿನ ಕರಕಿಯೂ ಹಸಿರು. ಸಾಲ ಮಾಡಿ ಬಿತ್ತಿದವನ ಮುಖ ಮಾತ್ರ ಕಪ್ಪು.

ಕೇಂದ್ರದ 2016ರ ಬರ ನಿರ್ವಹಣಾ ಕೈಪಿಡಿಯಲ್ಲಿ ಈ ಹಸಿರು ಅಂಕಿಗೆ ಸ್ಥಾನವಿದೆ. ಮಳೆ ಕೊರತೆ, ಬಿತ್ತನೆಯ ವಿಸ್ತೀರ್ಣ, ಮಣ್ಣಿನ ತೇವ, ಜಲಾಶಯದ ನೀರು, ಇವುಗಳ ಜೊತೆಗೆ ಉಪಗ್ರಹದ ಸೂಚ್ಯಂಕವನ್ನೂ ತಾಳೆ ಹಾಕಬೇಕು. ಆಮೇಲೆ ನೂರಕ್ಕೆ ಹತ್ತು ಹಳ್ಳಿಗಳಲ್ಲಿ ಹೊಲಕ್ಕಿಳಿದು ಖಾತ್ರಿ ಮಾಡಿಕೊಳ್ಳಬೇಕು ಎಂದೂ ಅದೇ ಕೈಪಿಡಿ ಹೇಳುತ್ತದೆ. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಉಳಿದ ತೊಂಬತ್ತು ಹಳ್ಳಿಗಳ ಗತಿ? ಅಲ್ಲಿ ಅಂಕಿಯೇ ಮಾತಾಡಬೇಕು. ರಾಜ್ಯ ಕೇಳಿದ್ದು 18,171 ಕೋಟಿ ರೂಪಾಯಿ. ಸುಪ್ರೀಂ ಕೋರ್ಟಿನ ಬಾಗಿಲು ಬಡಿದ ಮೇಲೆ, 2024ರ ಏಪ್ರಿಲ್‌ನಲ್ಲಿ ಕೈಗೆ ಬಂದದ್ದು ಸುಮಾರು 3,454 ಕೋಟಿ. ಆ ಜಗಳದಲ್ಲಿ ರಾಜಕೀಯ ಎಷ್ಟು, ಲೆಕ್ಕ ಎಷ್ಟು ಎನ್ನುವುದನ್ನು ಇಲ್ಲಿ ಬಿಡಿಸಲು ಹೋಗುವುದಿಲ್ಲ. ‘ಹೊಲ ಹಸಿರಿದೆ, ಬೆಳೆ ಇಲ್ಲ’ ಎನ್ನುವ ಸಾದಾ ಸತ್ಯವನ್ನು ಒಂದು ರಾಜ್ಯ ದಿಲ್ಲಿಗೆ ಬಿಡಿಸಿ ಹೇಳಬೇಕಾಯಿತಲ್ಲ, ಅದನ್ನು ನೆನಪಿಡಿ.

ಬೆಳೆ ವಿಮೆಯೂ ಅದೇ ದಾರಿ ಹಿಡಿದಿದೆ. ಮೊದಲು ಗ್ರಾಮ ಪಂಚಾಯ್ತಿಯಲ್ಲಿ ಆಯ್ದ ಹೊಲಗಳಲ್ಲಿ ಬೆಳೆ ಕಟಾವು ಮಾಡಿ, ತೂಕ ಹಾಕಿ ಇಳುವರಿ ನಿರ್ಧರಿಸುತ್ತಿದ್ದರು. 2023-24ರಿಂದ ಪ್ರಧಾನಮಂತ್ರಿ ಫಸಲ್ ಬಿಮಾದಲ್ಲಿ ಭತ್ತ ಮತ್ತು ಗೋಧಿಗೆ ಕನಿಷ್ಠ ನೂರಕ್ಕೆ ಮೂವತ್ತರಷ್ಟು ತೂಕ ಉಪಗ್ರಹ ಆಧಾರಿತ ಅಂದಾಜಿಗೆ ಎಂದಾಯಿತು. ನಂತರ ಸೋಯಾಬೀನೂ ಆ ಸಾಲಿಗೆ ಸೇರಿತು. ಕಲಘಟಗಿಯ ಭತ್ತ, ಧಾರವಾಡದ ಸೋಯಾಬೀನು! ಇನ್ನೂ ನಮಗೇನು ಅಂತೀರಾ?

ನಾವು ಉಪಗ್ರಹದ ವಿರೋಧಿಗಳಲ್ಲ. ಹಾಗೆ ಯಾರಾದರೂ ತಿಳಿದರೆ ಅದು ಅವರ ತಪ್ಪು. ಭಾರತದ ಮೊದಲ ಪೂರ್ಣ ಪ್ರಮಾಣದ ದೂರಸಂವೇದಿ ಉಪಗ್ರಹ ಐಆರ್‌ಎಸ್-1ಎ 1988ರ ಮಾರ್ಚ್ 17ರಂದು ಬೈಕನೂರಿನಿಂದ ಹಾರಿದಾಗ ಇಸ್ರೋದ ಅಧ್ಯಕ್ಷರಾಗಿದ್ದವರು ಉಡುಪಿ ಸೀಮೆಯ ಅದಮಾರಿನ ಯು.ಆರ್. ರಾವ್. 2015ರಿಂದ 2018ರವರೆಗೆ ಆ ಕುರ್ಚಿಯಲ್ಲಿ ಕೂತವರು ಹಾಸನ ಜಿಲ್ಲೆಯ ಆಲೂರಿನ ಎ.ಎಸ್. ಕಿರಣ್ ಕುಮಾರ್; ಉಪಗ್ರಹದ ಕ್ಯಾಮೆರಾಗಳನ್ನು ಕಟ್ಟುವುದರಲ್ಲೇ ವರ್ಷಗಟ್ಟಲೆ ದುಡಿದವರು. ಕಣ್ಣು ಮಾಡಿದವರಲ್ಲಿ ಕನ್ನಡಿಗರಿದ್ದಾರೆ. ಆ ಕಣ್ಣು ಕಂಡದ್ದನ್ನು ಕನ್ನಡಿಗ ರೈತ ಓದಲಾರ ಎನ್ನುವುದೇ ನಮ್ಮ ತಕರಾರು.

ಕಣ್ಣಿನ ಶಕ್ತಿ ಎಷ್ಟು ಎಂಬುದನ್ನು ನಮ್ಮ ಗುಂಟೆ ಲೆಕ್ಕದಲ್ಲೇ ನೋಡೋಣ. ಉಪಗ್ರಹದ ಚಿತ್ರ ಎಂದರೆ ಚೌಕಗಳ ಜಮಖಾನೆ. ಒಂದು ಚೌಕಕ್ಕೆ ಒಂದೇ ಬಣ್ಣ. ಐಆರ್‌ಎಸ್-1ಎಯ ಸಾದಾ ಕ್ಯಾಮೆರಾದ ಒಂದು ಚೌಕ 72.5 ಮೀಟರ್ ಉದ್ದ, ಅಷ್ಟೇ ಅಗಲ. ಅಂದರೆ ಒಂದು ಎಕರೆ ಹನ್ನೆರಡು ಗುಂಟೆ! ಅಷ್ಟರೊಳಗೆ ನಿಮ್ಮದೂ ದಾಯಾದಿಯದೂ ಎರಡೂ ಹೊಲ ಬಂದು ಕೂತಿರುತ್ತವೆ. ರಿಸೋರ್ಸ್‌ಸ್ಯಾಟ್‌ನ ಲಿಸ್-3 ಕ್ಯಾಮೆರಾದ ಚೌಕ 23.5 ಮೀಟರ್, ಸುಮಾರು ಐದೂವರೆ ಗುಂಟೆ. ಲಿಸ್-4ರದು 5.8 ಮೀಟರ್, ಒಂದು ಗುಂಟೆಯ ಮೂರನೇ ಒಂದು ಪಾಲು. ಸೆಂಟಿನೆಲ್-2ರ ಚೌಕ ಹತ್ತು ಮೀಟರ್, ಹೆಚ್ಚೂಕಡಿಮೆ ಸರಿಯಾಗಿ ಒಂದು ಗುಂಟೆ. ನಮ್ಮಜ್ಜ ಸರಪಳಿ ಎಳೆದು ಅಳೆದ ಗುಂಟೆಯೂ ಯುರೋಪಿನ ಉಪಗ್ರಹದ ಚೌಕವೂ ಒಂದೇ ಅಳತೆಗೆ ಬಂದು ನಿಂತಿವೆ!

ಕಣ್ಣು ಚೂಪಾಗಿದೆ, ನಿಜ. ಆದರೆ ಇಡೀ ದೇಶಕ್ಕೆ ವರ್ಷ ವರ್ಷ ಮಾಡುವ ನಕ್ಷೆಗೆ ಬಳಸಿದ್ದು ಈ ಚೂಪು ಕಣ್ಣಲ್ಲ. ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರ 2004-05ರಿಂದ ಆರಂಭಿಸಿದ ವಾರ್ಷಿಕ ನಕ್ಷೆಯ ಚಿತ್ರಗಳ ಚೌಕ 56 ಮೀಟರ್, ಅಂದರೆ 31 ಗುಂಟೆ. ನಕ್ಷೆಯ ಪ್ರಮಾಣ 1:2,50,000. ಅದರಲ್ಲಿ ಒಂದು ಮಿಲಿಮೀಟರ್ ಚೌಕದ ಚುಕ್ಕಿ ಇಟ್ಟರೆ ಅದರ ಕೆಳಗೆ ಹದಿನೈದು ಎಕರೆ ಮುಚ್ಚಿಹೋಗುತ್ತದೆ. ದೇಶದ ಲೆಕ್ಕಕ್ಕೆ ಅದು ಸಾಕು. ಒಬ್ಬ ರೈತನ ನ್ಯಾಯಕ್ಕೆ ಸಾಲದು. ಹೋಲಿಕೆಗೆ ಹೇಳುವುದಾದರೆ, ನಮ್ಮ ಹಳೆಯ ಗ್ರಾಮ ನಕ್ಷೆ ಮೈಲಿಗೆ ಎಂಟು ಇಂಚಿನದು, 1:7,920. ಬದು, ಹಳ್ಳ, ಬಂಡಿ ದಾರಿ ಎಲ್ಲ ಅದರಲ್ಲಿ ಕಾಣುತ್ತವೆ. ಸುಜಲಾ-3 ಯೋಜನೆಯಲ್ಲಿ ಪಕ್ಕದ ಗದಗ ಸೇರಿ ಹನ್ನೊಂದು ಜಿಲ್ಲೆಗಳಲ್ಲಿ ಇದೇ ಪ್ರಮಾಣದ ಗ್ರಾಮ ನಕ್ಷೆಯ ಮೇಲೆ ಉಪಗ್ರಹದ ಚಿತ್ರ ಹಾಸಿ, ಹೊಲ ಹೊಲಕ್ಕೆ ಹೋಗಿ ಮಣ್ಣು ನೋಡಿ ದಾಖಲೆ ಮಾಡಿದರು. ಮಾಡಬೇಕು ಎಂದರೆ ಮಾಡಬಹುದು ಎಂದಾಯಿತಲ್ಲ!

ಈಗ ನಮ್ಮ ಸೀಮೆಯ ನಿಜವಾದ ತೊಡಕಿಗೆ ಬರೋಣ. ಭೂಹೊದಿಕೆ ಬೇರೆ, ಭೂಬಳಕೆ ಬೇರೆ. ಹೊದಿಕೆ ಎಂದರೆ ನೆಲ ಮೈಮೇಲೆ ಹೊದ್ದಿರುವುದು: ಪೀಕು, ಹುಲ್ಲು, ಗಿಡ, ನೀರು, ಬರಿ ಮಣ್ಣು. ಬಳಕೆ ಎಂದರೆ ಮನುಷ್ಯ ಆ ನೆಲವನ್ನು ಯಾತಕ್ಕೆ ಇಟ್ಟುಕೊಂಡಿದ್ದಾನೆ ಎಂಬುದು. ಉಪಗ್ರಹಕ್ಕೆ ಕಾಣುವುದು ಹೊದಿಕೆ ಮಾತ್ರ. ಬಳಕೆಯನ್ನು ಒಂದೋ ಊಹಿಸಬೇಕು, ಇಲ್ಲವೇ ಹೊಲದವನನ್ನು ಕೇಳಬೇಕು.

ಅಣ್ಣಿಗೇರಿ-ನವಲಗುಂದದ ಆಳವಾದ ಯರಿ ಭೂಮಿಯನ್ನೇ ತೆಗೆದುಕೊಳ್ಳಿ. ಅಲ್ಲಿ ಮುಂಗಾರಿನಲ್ಲಿ ಎಷ್ಟೋ ಹೊಲ ಬರಿದಾಗಿ ಬಿದ್ದಿರುವುದು ಹಿಂದಿನಿಂದ ಬಂದ ಪದ್ಧತಿ. ಅದು ರೈತನ ಸೋಮಾರಿತನವಲ್ಲ. ಹರಗಿ ಹರಗಿ ಕಸ ತೆಗೆದು, ಮಳೆ ನೀರನ್ನು ಕಪ್ಪು ಮಣ್ಣಿನ ಹೊಟ್ಟೆಗೆ ಕುಡಿಸಿ, ಉತ್ತರಿ-ಹಸ್ತ ಮಳೆಗೆ ಹಿಂಗಾರಿ ಜೋಳ, ಕಡಲೆ, ಕುಸುಬಿ ಬಿತ್ತುತ್ತಾರೆ. ಆಗಸ್ಟಿನಲ್ಲಿ ಚಿತ್ರ ತೆಗೆದ ಉಪಗ್ರಹಕ್ಕೆ ಅದು ಖಾಲಿ ನೆಲ. ರೈತನಿಗೆ ಅದು ನೀರಿನ ಪೇಟಿ.

ಇದರ ತಿರುಗುಮುರುಗು ಹೆಸರಿನ ಕಥೆ. ಮಿರಗ ಮಳೆಗೆ ಹೆಸರು ಬಿತ್ತಿದರೆ ಅರವತ್ತು-ಎಪ್ಪತ್ತು ದಿನದಲ್ಲಿ, ಆಗಸ್ಟ್ ಮುಗಿಯುವುದರೊಳಗೆ ರಾಶಿ. ಅಷ್ಟೂ ದಿನ ಧಾರವಾಡದ ಮೇಲೆ ಮೋಡ! ಲಿಸ್-3 ಕ್ಯಾಮೆರಾ ಹೊತ್ತ ಒಂದು ಉಪಗ್ರಹ ಅದೇ ಜಾಗಕ್ಕೆ ಮರಳಿ ಬರಲು 24 ದಿನ ಬೇಕು. ಹೆಸರಿನ ಇಡೀ ಆಯುಷ್ಯದಲ್ಲಿ ಅದಕ್ಕೆ ಸಿಗುವ ಅವಕಾಶ ಎರಡೋ ಮೂರೋ. ಆ ದಿನ ಮೋಡ ಕವಿದಿತ್ತು ಎಂದರೆ ಮುಗೀತು. ಹೆಸರು ಹುಟ್ಟಿದ್ದೂ ಗೊತ್ತಿಲ್ಲ, ಕಿತ್ತಿದ್ದೂ ಗೊತ್ತಿಲ್ಲ. ಮೋಡ ಹರಿದ ಮೇಲೆ ನವೆಂಬರ್‌ನಲ್ಲಿ ಕಡಲೆ ಕಾಣುತ್ತದೆ. ನಕ್ಷೆಯ ಮೇಲೆ ‘ಹಿಂಗಾರಿ ಮಾತ್ರ’ ಎಂದು ಬಣ್ಣ ಬೀಳುವ ಅಪಾಯ ಇಲ್ಲಿದೆ. ವರ್ಷಕ್ಕೆ ಎರಡು ಪೀಕು ತೆಗೆಯುವ ಹೊಲ ಒಂದೇ ಪೀಕಿನ ಹೊಲವಾಗಿ ಬಿಡುತ್ತದೆ. ಮೋಡ ತೂರಿ ನೋಡುವ ರೇಡಾರ್ ಉಪಗ್ರಹಗಳೂ ಇವೆಯಲ್ಲ ಎಂದು ಎಂಜಿನಿಯರಿಂಗ್ ಓದುವ ತರುಣ ಕೇಳಬಹುದು. ಇವೆ. ಇಸ್ರೋ 2012ರಲ್ಲಿ ರಿಸ್ಯಾಟ್-1, 2022ರಲ್ಲಿ ಇಒಎಸ್-04 ಹಾರಿಸಿತು. ಆದರೆ ರೇಡಾರ್ ಹೇಳುವುದು ಮೇಲ್ಮೈ ಒರಟೋ ನುಣುಪೋ, ಹಸಿಯೋ ಒಣವೋ ಎಂಬುದನ್ನು. ಅದು ಹೆಸರೋ ಉದ್ದೋ ಎಂದು ತಿಳಿಯಲು ಅದಕ್ಕೂ ಯಾರಾದರೂ ಹೊಲದಲ್ಲಿ ನಿಂತು ಹೇಳಿಕೊಡಲೇಬೇಕು.

ಕುಂದಗೋಳದ ಮೆಣಸಿನಕಾಯಿ ಹೊಲಕ್ಕೆ ಬಂದರೆ ಯಂತ್ರಕ್ಕೆ ತಲೆ ತಿರುಗಬೇಕು. ಬ್ಯಾಡಗಿ ಮೆಣಸಿನಕಾಯಿ, ಅದರ ಜೊತೆ ಉಳ್ಳಾಗಡ್ಡಿ, ಅದರ ಜೊತೆ ಜಯಧರ ಹತ್ತಿ. ಒಂದೇ ಹೊಲ, ಮೂರು ಪೀಕು. ಮೊದಲು ಉಳ್ಳಾಗಡ್ಡಿ ಕಿತ್ತು, ಆಮೇಲೆ ಮೆಣಸಿನಕಾಯಿ ಬಿಡಿಸಿ, ಬೇಸಿಗೆ ಹೊತ್ತಿಗೆ ಹತ್ತಿ ಆರಿಸುವುದು ನಮ್ಮ ಹಿರಿಯರ ಲೆಕ್ಕ. ಒಂದು ಹೋದರೆ ಇನ್ನೊಂದು ಕೈ ಹಿಡಿಯಲಿ ಅಂತ. ಇದನ್ನು ಯಾವ ಬಣ್ಣದಲ್ಲಿ ತುಂಬುತ್ತೀರಿ ಸ್ವಾಮಿ? ಚೌಕಕ್ಕೆ ಒಂದೇ ಹೆಸರು ಕೊಡಬೇಕು ಎಂದಾಗ ಮೂರರಲ್ಲಿ ಎರಡು ಹೆಸರು ಸಾಯುತ್ತವೆ. ವಿಮೆಗೆ ಬರೆದದ್ದು ಮೆಣಸಿನಕಾಯಿ, ಸಮೀಕ್ಷೆಯಲ್ಲಿ ಬಂದದ್ದು ಹತ್ತಿ ಎಂದಾದರೆ ಅರ್ಜಿ ಬಿದ್ದುಹೋಗುವುದೂ ಉಂಟು.

ನಕ್ಷೆ ಎಷ್ಟು ಸರಿ ಎಂದು ಕೇಳಿದರೆ ವಿಜ್ಞಾನಿಗಳು ಶೇಕಡಾವಾರು ಹೇಳುತ್ತಾರೆ. ಅಮೆರಿಕದ ಜೇಮ್ಸ್ ಆಂಡರ್ಸನ್ ಮತ್ತು ಸಂಗಡಿಗರು 1976ರಲ್ಲಿ ಮಾಡಿದ ವರ್ಗೀಕರಣದಲ್ಲಿ ನೂರಕ್ಕೆ 85 ಸರಿ ಇದ್ದರೆ ಸಾಕು ಎಂಬ ಅಳತೆ ಬಂತು. ಜಗತ್ತೆಲ್ಲ ಅದನ್ನೇ ಹಿಡಿದುಕೊಂಡಿತು. ಪರೀಕ್ಷೆಯಲ್ಲಾದರೆ 85 ಬಂದವನಿಗೆ ಡಿಸ್ಟಿಂಕ್ಷನ್. ಆದರೆ ಉಳಿದ 15 ಯಾರ ಹೊಲ? ತಪ್ಪು ಎಲ್ಲರಿಗೂ ಸಮನಾಗಿ ಹಂಚಿಹೋಗುವುದಿಲ್ಲ ನೋಡಿ. ನೂರು ಎಕರೆ ಕಬ್ಬು ಹಚ್ಚಿದವನ ಹೊಲ ತಪ್ಪದೆ ಕಾಣುತ್ತದೆ. ಎರಡು ಎಕರೆಯಲ್ಲಿ ಮೂರು ಪೀಕು ಮಾಡುವವನ ಹೊಲವೇ ತಪ್ಪುವುದು.

ಇನ್ನು ನಕ್ಷೆಯ ಮೂಲೆಯಲ್ಲಿರುವ ಸೂಚಿಗೆ ಬನ್ನಿ. ಯಾವ ಬಣ್ಣಕ್ಕೆ ಯಾವ ಅರ್ಥ ಎಂದು ಅಲ್ಲಿ ಬರೆದಿರುತ್ತದೆ. ರಾಷ್ಟ್ರೀಯ ನಕ್ಷೆಯಲ್ಲಿ ಅದು ಇಂಗ್ಲಿಷು. ‘ಖಾರಿಫ್ ಓನ್ಲಿ’, ‘ರಬಿ ಓನ್ಲಿ’, ‘ಜಾಯದ್ ಓನ್ಲಿ’, ‘ಕರೆಂಟ್ ಫ್ಯಾಲೋ’, ‘ಸ್ಕ್ರಬ್ ಲ್ಯಾಂಡ್’, ‘ಅದರ್ ವೇಸ್ಟ್‌ಲ್ಯಾಂಡ್’. ಜಾಯದ್ ಅಂದರೆ ಏನು ಎಂದು ಹೆಬ್ಬಳ್ಳಿಯ ಕಟ್ಟೆ ಮೇಲೆ ಕೂತ ಹಿರಿಯರನ್ನು ಕೇಳಿ ನೋಡಿ. ಬೇಸಿಗೆ ಪೀಕು ಅಂದರೆ ತಟ್ಟನೆ ತಿಳಿಯುತ್ತದೆ. ಪರಭಾಷೆಯ ಪದ ಎನ್ನುವುದು ನಮ್ಮ ಜಗಳವಲ್ಲ. ಉತಾರ, ಪೀಕು, ತಲಾಟಿ, ಗಾಯರಾಣ, ಖರಾಬು ಎಲ್ಲ ಹೊರಗಿನಿಂದ ಬಂದು ಧಾರವಾಡದ ಕನ್ನಡವೇ ಆಗಿಹೋಗಿವೆ. ರೈತನ ಬಾಯಲ್ಲಿ ಇರುವ ಪದವಾದರೆ ಸಾಕು, ಅದರ ಅಜ್ಜಿಯ ಊರು ಕೇಳುವುದಿಲ್ಲ. ಬಾಯಲ್ಲೇ ಇಲ್ಲದ ಪದದ ಮೇಲೆ ಅವನು ತಕರಾರು ಎತ್ತುವುದು ಹೇಗೆ? ಹಿಂದೆ ಈ ಮುಂಬೈ ಕರ್ನಾಟಕದಲ್ಲಿ ಜಮೀನಿನ ದಾಖಲೆ ಮೋಡಿ ಲಿಪಿಯ ಮರಾಠಿಯಲ್ಲಿತ್ತು. ತನ್ನ ಹೊಲದ ಕಾಗದ ತನಗೇ ಓದಲು ಬಾರದೆ ರೈತ ಕುಲಕರ್ಣಿಯ ಬಾಯಿ ನೋಡುತ್ತ ನಿಲ್ಲಬೇಕಿತ್ತು. ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡವರ ಕಥೆಗಳು ಪ್ರತಿ ಮನೆಯಲ್ಲೂ ಇವೆ. ಮೋಡಿ ಹೋಯಿತು. ಕಂಪ್ಯೂಟರಿನ ಪರದೆಯ ಮೇಲೆ ಬಣ್ಣಬಣ್ಣದ ಹೊಸ ಮೋಡಿ ಬಂತು!

ಒಂದು ಪದ ಎಷ್ಟು ಅನಾಹುತ ಮಾಡಬಲ್ಲದು ಎಂಬುದು ಈ ಜಿಲ್ಲೆಗೆ ಚೆನ್ನಾಗಿ ಗೊತ್ತು. 1984ರಲ್ಲಿ ಸರಕಾರವೂ ಹರಿಹರದ ಪಾಲಿಫೈಬರ್ಸ್ ಕಾರ್ಖಾನೆಯೂ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿ ಕಟ್ಟಿದರು. ಧಾರವಾಡ ಸೇರಿ ನಾಲ್ಕು ಜಿಲ್ಲೆಗಳ ಸುಮಾರು 30 ಸಾವಿರ ಹೆಕ್ಟೇರ್ ಭೂಮಿಯಲ್ಲಿ ನೀಲಗಿರಿ ಬೆಳೆಸುವ ಯೋಜನೆ ಅದು. ಆ ಭೂಮಿಗೆ ಕಾಗದದಲ್ಲಿದ್ದ ಹೆಸರು ‘ಸಿ ಮತ್ತು ಡಿ ದರ್ಜೆ’. ಅಂದರೆ ಕೆಳದರ್ಜೆ, ಬರಡು, ಯಾರಿಗೂ ಬೇಡದ್ದು. ಊರವರ ಪಾಲಿಗೆ ಅದು ದನ ಮೇಯುವ ಜಾಗ, ಉರುವಲು ತರುವ ಜಾಗ, ಹುಲ್ಲು ಕೊಯ್ಯುವ ಜಾಗ. 1987ರ ನವೆಂಬರ್ 14ರಂದು, ಆಗ ಧಾರವಾಡ ಜಿಲ್ಲೆಯಲ್ಲಿದ್ದ ಹಾನಗಲ್ ಸೀಮೆಯ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ಅಂದರೆ ಅದೇ. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಹೋರಾಟ ಕಟ್ಟಿತು. ಶಿವರಾಮ ಕಾರಂತರು ಸುಪ್ರೀಂ ಕೋರ್ಟಿಗೆ ಹೋದರು. 1991ರಲ್ಲಿ ಕಂಪನಿ ಬಾಗಿಲು ಹಾಕಿತು. ನೀವಿನ್ನೂ ಹುಟ್ಟಿರಲಿಲ್ಲ, ಮನೆಯಲ್ಲಿ ಕೇಳಿ.

ಈಗ ಯೋಚಿಸಿ. ‘ಭಾರತದ ಪಾಳುಭೂಮಿ ಅಟ್ಲಾಸ್’ 2000ದಿಂದ 2019ರವರೆಗೆ ಐದು ಸಲ ಹೊರಬಂದಿದೆ, ಉಪಗ್ರಹ ಚಿತ್ರಗಳ ಆಧಾರದ ಮೇಲೆ. ಕುರುಚಲು ಇರುವ ನೆಲ, ಇಲ್ಲದ ನೆಲ, ಸವೆದ ಹುಲ್ಲುಗಾವಲು ಎಲ್ಲ ಅದರೊಳಗೆ. ಮೇ ತಿಂಗಳಲ್ಲಿ ಒಣಗಿ ನಿಂತ ಗಾಯರಾಣ ಆಕಾಶಕ್ಕೆ ಬರಡಾಗಿಯೇ ಕಾಣುತ್ತದೆ. ಅದೇ ಜಾಗದಲ್ಲಿ ಆಗಸ್ಟಿಗೆ ಕುರಿಹಿಂಡು ಬೀಡುಬಿಟ್ಟಿರುವುದು ಆ ನಕ್ಷೆಯಲ್ಲಿಲ್ಲ. ಹೊದಿಕೆ ನೋಡಿ ಬಳಕೆಗೆ ಹೆಸರಿಟ್ಟರೆ ಆಗುವುದು ಇದೇ. ಚಿತ್ರದುರ್ಗದ ಚಳ್ಳಕೆರೆಯ ಅಮೃತಮಹಲ್ ಕಾವಲಿನಲ್ಲಿ ಸುಮಾರು ಹತ್ತು ಸಾವಿರ ಎಕರೆ ಹುಲ್ಲುಗಾವಲು 2008ರಿಂದೀಚೆಗೆ ದೊಡ್ಡ ದೊಡ್ಡ ಸಂಸ್ಥೆಗಳಿಗೆ ಹೋಯಿತು. ಅದರಲ್ಲಿ ಒಂದು ಪಾಲು ಸ್ವತಃ ಇಸ್ರೋಗೆ! ವಿಜ್ಞಾನ ಬೇಡ ಅನ್ನುತ್ತಿಲ್ಲ. ಹುಲ್ಲು ಹುಲ್ಲೇ, ಪಾಳು ಅಲ್ಲ ಅನ್ನುತ್ತಿದ್ದೇವೆ.

ಇದೇ ಚಿತ್ರ ರೈತನ ಕೈಗೆ ಸಿಕ್ಕರೆ ಏನಾಗಬಹುದು? ನವಲಗುಂದವನ್ನು ನೆನೆಯಿರಿ. ಮಲಪ್ರಭಾ ಕಾಲುವೆ ಬಂತು. ಕೆಲವು ಹೊಲಕ್ಕೆ ನೀರೇ ಬರಲಿಲ್ಲ, ಕೆಲವು ಹೊಲ ಸವಳು-ಜವಳಾಗಿ ಕೆಟ್ಟವು. ಆದರೂ ಅಭಿವೃದ್ಧಿ ಕರ ಕಟ್ಟು ಎಂದಿತು ಸರಕಾರ. 1980ರ ಜುಲೈ 21ರಂದು ನರಗುಂದ-ನವಲಗುಂದದ ರೈತರು ಬೀದಿಗಿಳಿದರು, ಗೋಲಿಬಾರಿನಲ್ಲಿ ಪ್ರಾಣ ಕೊಟ್ಟರು. ಆಗ ರೈತನ ಹತ್ತಿರ ಸಾಕ್ಷಿ ಎಂದರೆ ಅವನ ಬಾಯಿ ಮಾತು ಮಾತ್ರ. ಸವಳು ನೆಲ ಉಪಗ್ರಹದ ಚಿತ್ರದಲ್ಲಿ ಬಿಳಿ ಬಿಳಿ ಕಲೆಯಾಗಿ ಹೊಳೆಯುತ್ತದೆ, ಜವಳು ನೆಲ ಕಪ್ಪಗೆ ಕಾಣುತ್ತದೆ. ವರ್ಷ ವರ್ಷದ ಚಿತ್ರ ಪಕ್ಕ ಪಕ್ಕ ಇಟ್ಟರೆ ಕಾಲುವೆಯ ಯಾವ ಬದಿ ಹಸಿರಾಯಿತು, ಯಾವ ಬದಿ ಸತ್ತಿತು, ಕಾಲುವೆಯ ಬಾಲದಲ್ಲಿ ನೀರು ಮುಟ್ಟಿತೋ ಇಲ್ಲವೋ ಎಲ್ಲ ಬಯಲು. ಕಳಸಾ-ಬಂಡೂರಿಗಾಗಿ 2015ರಿಂದ ಧರಣಿ ಕೂತವರ ಕೈಯಲ್ಲಿ ಬಾವುಟದ ಜೊತೆ ಇಂಥ ನಕ್ಷೆಯೂ ಇದ್ದಿದ್ದರೆ ಎಂದು ನಮಗೆ ಅನ್ನಿಸಿದ್ದುಂಟು.

ಊರಿನ ಮಾತಾಯಿತು, ನಗರದವರೂ ತಪ್ಪಿಸಿಕೊಳ್ಳುವಂತಿಲ್ಲ. ಈ ನಕ್ಷೆಗಳಲ್ಲಿ ರೂಢಿಯಂತೆ ಬೆಳೆಭೂಮಿಗೆ ಹಳದಿ ಬಣ್ಣ, ಕಟ್ಟಡಕ್ಕೆ ಕೆಂಪು. ನಮ್ಮ ಬಾವುಟದ ಬಣ್ಣವೇ ಎಂದು ಖುಷಿಪಡಬೇಡಿ. ಹುಬ್ಬಳ್ಳಿ-ಧಾರವಾಡದ ನಡುವಿನ ಇಪ್ಪತ್ತು ಕಿಲೋಮೀಟರಿನಲ್ಲಿ ಕೆಂಪು ಹಳದಿಯನ್ನು ನುಂಗುತ್ತಲೇ ಇದೆ. ಬೇಲೂರು ಕೈಗಾರಿಕಾ ಪ್ರದೇಶದ ಕಡೆ, ಬಿಆರ್‌ಟಿಎಸ್ ರಸ್ತೆಯ ಎರಡೂ ಬದಿ, ಬೈಪಾಸಿನ ಆಚೆ. ಅದಕ್ಕಿಂತ ದೊಡ್ಡ ಮೋಸ ಎನ್‌ಎ ಪ್ಲಾಟುಗಳದು. ಹೊಲ ಎನ್‌ಎ ಆಯಿತು, ಕಲ್ಲು ನೆಟ್ಟರು, ಕಮಾನು ಕಟ್ಟಿದರು, ಮನೆ ಮಾತ್ರ ಇಲ್ಲ. ಹತ್ತು ವರ್ಷ ಕಾಂಗ್ರೆಸ್ ಕಸ ಬೆಳೆದು ನಿಂತಿರುತ್ತದೆ. ಉಪಗ್ರಹಕ್ಕೆ ಅದೂ ಹಸಿರು! ಹೊದಿಕೆ ಕಸ, ಬಳಕೆ ರೊಕ್ಕ. ಈ ಭೂಮಿ ಬೇಸಾಯದಿಂದ ಹೋಗಿ ಎಷ್ಟೋ ವರ್ಷವಾದ ಮೇಲೆ ನಕ್ಷೆ ಕೆಂಪಾಗುತ್ತದೆ. ಅಷ್ಟರಲ್ಲಿ ಮಾವಿನ ತೋಪೂ ಇಲ್ಲ, ಪೇರಲ ತೋಟವೂ ಇಲ್ಲ.

ಹಾಗಾದರೆ ನಾವು ಕೇಳುವುದೇನು? ದೊಡ್ಡದೇನಲ್ಲ. ಬೆಂಗಳೂರಿನಲ್ಲಿ 1986ರಿಂದ ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರವಿದೆ. ದಿಲ್ಲಿಯಲ್ಲಿ 2012ರಿಂದ ಮಹಾಲನೋಬಿಸ್ ಬೆಳೆ ಮುನ್ಸೂಚನೆ ಕೇಂದ್ರವಿದೆ. ಎಲ್ಲಿಯೇ ಮಾಡಲಿ, ನಮ್ಮ ಪಂಚಾಯ್ತಿಯ ಬೆಳೆ ನಕ್ಷೆ ನಮ್ಮ ಪಂಚಾಯ್ತಿಯ ಗೋಡೆಗೆ ಬರಬೇಕು. ಕನ್ನಡದಲ್ಲಿ, ಸರ್ವೆ ನಂಬರಿನ ಗೆರೆಗಳೊಂದಿಗೆ, ಮುಂಗಾರಿ-ಹಿಂಗಾರಿ ಎಂಬ ಸೂಚಿಯೊಂದಿಗೆ. ತಕರಾರು ಸಲ್ಲಿಸಲು ಹದಿನೈದು ದಿನ ಗಡುವು ಕೊಡಲಿ. ಗಾಯರಾಣಕ್ಕೆ ಗಾಯರಾಣ ಎಂದೇ ಬರೆಯಲಿ. ಅಸಾಧ್ಯ ಎನ್ನಬೇಡಿ. ಕರ್ನಾಟಕದಲ್ಲಿ 2000ದಲ್ಲೇ ‘ಭೂಮಿ’ ಯೋಜನೆಯಡಿ ಪಹಣಿ ಕಂಪ್ಯೂಟರಿಗೆ ಬಂತು, ಅದೂ ಕನ್ನಡದಲ್ಲೇ. 2018ರಲ್ಲಿ ಬಂದ ದಿಶಾಂಕ್ ಆ್ಯಪ್ ನೀವು ನಿಂತ ನೆಲದ ಸರ್ವೆ ನಂಬರ್ ಹೇಳುತ್ತದೆ. 2020ರ ಮುಂಗಾರಿನಿಂದ ರೈತನೇ ತನ್ನ ಹೊಲದಲ್ಲಿ ನಿಂತು ಬೆಳೆಯ ಫೋಟೊ ತೆಗೆದು ಬೆಳೆ ಸಮೀಕ್ಷೆಗೆ ಸೇರಿಸುವ ವ್ಯವಸ್ಥೆ ಬಂತು. ಸರಕಾರ ಒಳ್ಳೆಯದು ಮಾಡಿದಾಗ ಒಳ್ಳೆಯದು ಎನ್ನಲು ನಮಗೆ ಸಂಕೋಚವಿಲ್ಲ. ಹೊಲದಲ್ಲಿ ತೆಗೆದ ಆ ಫೋಟೊವನ್ನೂ ಆಕಾಶದ ಫೋಟೊವನ್ನೂ ಅಕ್ಕಪಕ್ಕ ಇಟ್ಟು, ಎರಡೂ ಒಪ್ಪದ ಕಡೆ ರೈತನನ್ನು ಕರೆದು ಕೇಳಿ ಎನ್ನುತ್ತಿದ್ದೇವೆ, ಅಷ್ಟೇ.

ಅಪ್ಪನಿಗೆ ಆ್ಯಪ್ ಬಾರದಿದ್ದರೆ ಮಾಡಿಕೊಡಬೇಕಾದವರು ನೀವು. ಆದರೆ ನೀವು ಮಾಡುತ್ತಿರುವುದೇನು? ನಕ್ಷೆ ಕಲಿತ ಹುಡುಗರು ಬೆಂಗಳೂರಿನ ಯಾವುದೋ ಮಹಡಿಯಲ್ಲಿ ಕೂತು ಅಮೆರಿಕದ ರಸ್ತೆಗಳಿಗೆ ಗೆರೆ ಎಳೆಯುತ್ತಾರೆ. ಹೊಟ್ಟೆಪಾಡು, ತಪ್ಪೆನ್ನುವುದಿಲ್ಲ. ಆದರೆ ಧಾರವಾಡದಲ್ಲಿ 1986ರಿಂದ ಕೃಷಿ ವಿಶ್ವವಿದ್ಯಾಲಯವಿದೆ, 2016ರಿಂದ ಐಐಟಿ ಇದೆ, ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿಗೆ ಬರವಿಲ್ಲ. ಸೆಂಟಿನೆಲ್ ಚಿತ್ರ ಪುಕ್ಕಟೆ ಸಿಗುತ್ತದೆ. ಅಮೆರಿಕದ ಲ್ಯಾಂಡ್‌ಸ್ಯಾಟ್ ಚಿತ್ರಗಳು 2008ರಿಂದ ಪುಕ್ಕಟೆ. ಅವನ್ನು ತೆರೆದು ನೋಡುವ ಕ್ಯೂಜಿಐಎಸ್ ತಂತ್ರಾಂಶವೂ ಪುಕ್ಕಟೆ. ಗೇಮ್ ಆಡುವ ಲ್ಯಾಪ್‌ಟಾಪ್ ಇದ್ದರೆ ಸಾಕು.

ಒಂದು ಕೆಲಸ ಹೇಳುತ್ತೇವೆ, ಮಾಡಿ. ನಮ್ಮ ರೈತನ ಪಂಚಾಂಗದಲ್ಲಿ ಒಂದೊಂದು ಮಳೆಗೆ ಹದಿಮೂರು-ಹದಿನಾಲ್ಕು ದಿನ: ರೋಹಿಣಿ, ಮಿರಗ, ಆರಿದ್ರ, ಪುನರ್ವಸು, ಹೀಗೆ ಸ್ವಾತಿಯವರೆಗೆ. ಸೆಂಟಿನೆಲ್ ಐದು ದಿನಕ್ಕೊಮ್ಮೆ ಬರುವುದರಿಂದ ಒಂದೊಂದು ಮಳೆಗೆ ಎರಡು-ಮೂರು ಚಿತ್ರ. ಕೆಲವು ಮೋಡಕ್ಕೆ ಹೋಗುತ್ತವೆ, ಹೋಗಲಿ. ನಿಮ್ಮೂರ ಚಿತ್ರಗಳನ್ನು ಮಳೆಯ ಹೆಸರಿನಲ್ಲೇ ಜೋಡಿಸಿ. ಮುಂದಿನ ರವಿವಾರ ಬಸ್ ಹತ್ತಿ ಊರಿಗೆ ಹೋಗಿ. ಲ್ಯಾಪ್‌ಟಾಪನ್ನು ಕಟ್ಟೆಯ ಮೇಲಿಟ್ಟು, ಹಿರಿಯರ ಮುಂದೆ ತೆರೆಯಿರಿ. ಚಿತ್ರದಲ್ಲಿ ಹಸಿರು ಹೊಲ ಕೆಂಪಾಗಿ ಕಂಡರೆ ಅವರು ನಗಬಹುದು. ಅವಗೆಂಪಿನ ವಿಷಯ ಬಿಡಿಸಿ ಹೇಳಿ. ಯಾವ ಚೌಕದಲ್ಲಿ ಏನಿತ್ತು ಎಂದು ಕೇಳಿ. ಹೆಸರಿತ್ತೋ, ಉದ್ದಿತ್ತೋ, ಹೊಲ ಬೇಕೆಂದೇ ಬಿಟ್ಟಿದ್ದೋ, ಬಿತ್ತಿದ್ದು ಹುಟ್ಟಲಿಲ್ಲವೋ. ಅವರು ಹೇಳಿದ ಪದದಲ್ಲೇ ಬರೆದುಕೊಳ್ಳಿ, ಪುಸ್ತಕದ ಪದಕ್ಕೆ ತಿದ್ದಬೇಡಿ. ಸರಕಾರಿ ನಕ್ಷೆಯಲ್ಲಿ ಏನಿದೆ ಎಂದು ತಾಳೆ ನೋಡಿ. ತಪ್ಪು ಸಿಕ್ಕರೆ ಸರ್ವೆ ನಂಬರಿನ ಸಮೇತ ತಹಸೀಲ್ದಾರರಿಗೆ ಒಂದು ಪ್ರತಿ, ಕೃಷಿ ಇಲಾಖೆಗೆ ಒಂದು ಪ್ರತಿ ಕೊಟ್ಟು ಸ್ವೀಕೃತಿ ಪಡೆಯಿರಿ. ಇನ್ನೊಂದು ಪ್ರತಿ ನಮಗೆ ಕಳಿಸಿ. ಇದೇ ಪುಟದಲ್ಲಿ, ಊರಿನ ಹೆಸರು ಹಾಕಿ ಅಚ್ಚು ಮಾಡುತ್ತೇವೆ.